ವಾಪಸ್ ಬಾರದ ಬೇಲು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಸೊಟ್ಟ, ಸಾಲು ನೆಟ್ಟಗೆ ಹೋಗುವುದಿಲ್ಲ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ದೊಡ್ಡ ಮಾತು ಬರುವುದಿಲ್ಲ. ಎರಡು ಸಲ ಬರೆದು ಹರಿದಿದ್ದೇನೆ, ಇದು ಮೂರನೆಯದು. ನಾನು ಹಾಲು ಹಾಕುವ ಡೈರಿಯ ಸೋಮಮ್ಮನವರ ಮುಂದೆ ಓದಿ ಅವರು ತಪ್ಪು ಎಂದ ಕಡೆಯೆಲ್ಲ ತಿದ್ದಿದ್ದೇನೆ. ದೊಡ್ಡವರನ್ನು ಏಕವಚನದಲ್ಲಿ ಬರೆಯುವುದಕ್ಕೆ ಸಂಕೋಚವಾಯಿತು. ಅದಕ್ಕೂ ಅವರೇ ಒಪ್ಪಿಗೆ ಕೊಟ್ಟರು. “ಹೆಂಗಾರ ಬರಿ, ನನ್ನ ಸಿಟ್ಟು ಮಾತ್ರ ಕಮ್ಮಿ ಮಾಡ್ಬೇಡ” ಎಂದರು.

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯ ಪಕ್ಕದ ಒಂದು ಊರಿನಲ್ಲಿ ಸೋಮಮ್ಮ ಹದಿನಾಲ್ಕು ವರ್ಷದಿಂದ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಾಳೆ. ನೀರು ಬೆರೆಸಿದ ಹಾಲು ಸ್ವಂತ ಚಿಕ್ಕಮ್ಮನದಾದರೂ ಒಳಗೆ ಬಿಡುವವಳಲ್ಲ. ಅವಳ ಗಂಡ ಸಣ್ಣಬೀರಯ್ಯ ಖಾಸಗಿ ಬಸ್ಸಿನ ಡ್ರೈವರ್. ಮನೆಯಲ್ಲಿ ಎರಡು ಹಸು, ನಾಲ್ಕು ಆಡು. ಇಂಥ ಹೆಂಗಸು ಬಿಟ್‌ಕಾಯಿನ್ ವ್ಯಾಪಾರ ಮಾಡುತ್ತಾಳೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಅವಳೂ ಊರವರಿಗೆ ಹೇಳಿಕೊಂಡಿರಲಿಲ್ಲ.

ಅವಳಿಗೆ ಅದರ ರುಚಿ ತೋರಿಸಿದ್ದು ಹುಣಸೂರಿನ ಟೈಲರ್ ಹಮೀದುನ್ನೀಸಾ. ನಾಲ್ಕು ವರ್ಷದ ಹಿಂದೆ ಇಬ್ಬರೂ ಎರಡೆರಡು ಸಾವಿರ ಹಾಕಿ, ಬಿಟ್‌ಕಾಯಿನ್ ಥರದ್ದೇ, ನಾಯಿಯ ಚಿತ್ರ ಇರುವ ಯಾವುದೋ ಮೊಬೈಲ್ ನಾಣ್ಯ ಕೊಂಡರು. ಅದು ಮೂರು ತಿಂಗಳಿಗೆ ಮುನ್ನೂರೈವತ್ತು ರೂಪಾಯಿಗೆ ಬಂದು ಕೂತಿತು. ಹಮೀದುನ್ನೀಸಾ ನಕ್ಕು ಕೈ ತೊಳೆದುಕೊಂಡಳು. “ಎರಡು ಬ್ಲೌಸ್ ಹೊಲಿದ್ರೆ ಇದಕ್ಕಿಂತ ಜಾಸ್ತಿ ಸಿಗುತ್ತೆ ಬುಡು ಸೋಮಕ್ಕ” ಎಂದಳು. ಸೋಮಮ್ಮನಿಗೆ ನಗು ಬರಲಿಲ್ಲ. ತನ್ನ ದುಡ್ಡು ಎಲ್ಲಿ ಹೋಯಿತು, ಯಾಕೆ ಹೋಯಿತು ಎಂಬುದು ಗೊತ್ತಾಗದೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಆಮೇಲೆ ಎಂಟು ತಿಂಗಳು ಅವಳು ಒಂದು ರೂಪಾಯಿಯನ್ನೂ ಹಾಕಲಿಲ್ಲ. ದಿನಾ ಬೆಳಿಗ್ಗೆ ಹಾಲಿನ ಗಾಡಿ ಹೋದ ಮೇಲೆ ರೇಟು ನೋಡುವುದು, ಬರೆದಿಡುವುದು, ಕನ್ನಡದಲ್ಲಿ ಹೇಳಿಕೊಡುವವರ ವಿಡಿಯೋ ಕೇಳುವುದು, ಹೇಳಿದ್ದು ನಿಜವಾಯಿತೋ ಇಲ್ಲವೋ ಎಂದು ಮುಂದಿನ ವಾರ ತಾಳೆ ನೋಡುವುದು. ಹತ್ತು ಜನ ಹೇಳಿದ್ದರಲ್ಲಿ ಏಳು ಸುಳ್ಳಾಯಿತು. ಸುಳ್ಳಾದ ವಿಡಿಯೋಗಳನ್ನು ಅವರೇ ಅಳಿಸಿ ಹಾಕುತ್ತಿದ್ದರು. ಅವಳ ಪುಸ್ತಕದಲ್ಲಿದ್ದದ್ದನ್ನು ಮಾತ್ರ ಯಾರಿಗೂ ಅಳಿಸಲು ಆಗಲಿಲ್ಲ.

ಮತ್ತೆ ಶುರು ಮಾಡಿದಾಗ ಅವಳಿಗೆ ಅವಳದೇ ಕಟ್ಟಳೆ ಇತ್ತು. ಆಡು ಮಾರಿದ ದುಡ್ಡಿನಲ್ಲಿ, ಡೈರಿ ಬೋನಸ್ಸಿನಲ್ಲಿ ಮಿಕ್ಕಿದ್ದು ಮಾತ್ರ ಅಲ್ಲಿಗೆ. ಮನೆಯ ದುಡ್ಡು, ಸಂಘದ ದುಡ್ಡು, ಸಾಲದ ದುಡ್ಡು ಮುಟ್ಟುವ ಹಾಗಿಲ್ಲ. ಕೊಳ್ಳುವ ಮೊದಲೇ, ಎಷ್ಟಕ್ಕೆ ಇಳಿದರೆ ಮಾರಿ ಹೊರಗೆ ಬರಬೇಕು ಎಂದು ಬರೆದಿಡುವುದು. ಅಷ್ಟಕ್ಕೆ ಇಳಿದರೆ ಅಳದೆ ಮಾರುವುದು. ಒಂದು ವ್ಯಾಪಾರ ಕೆಟ್ಟರೆ ಒಟ್ಟು ದುಡ್ಡಿನಲ್ಲಿ ನೂರಕ್ಕೆ ಎರಡು ರೂಪಾಯಿಗಿಂತ ಹೆಚ್ಚು ಹೋಗಬಾರದು. ಏರಿದರೆ ಒಂದು ಪಾಲು ಬ್ಯಾಂಕಿಗೆ ಇಳಿಸುವುದು. ಲಾಭ ಬಂದರೆ ನೂರಕ್ಕೆ ಮೂವತ್ತು ತೆರಿಗೆ ಕಟ್ಟಬೇಕು, ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಸರ್ಕಾರ ಬಿಡುವುದಿಲ್ಲ ಎಂಬುದನ್ನೂ ತಿಳಿದುಕೊಂಡಳು. ನಾಲ್ಕು ವರ್ಷಕ್ಕೆ ಎಲ್ಲ ಸೇರಿ ಒಂದು ಲಕ್ಷ ಚಿಲ್ಲರೆ ಆಯಿತು. ಅದರಲ್ಲಿ ಮುಕ್ಕಾಲು ಪಾಲು ಅವಳೇ ಹಾಕಿದ್ದು. “ಇಷ್ಟಕ್ಕೆ ನಾಲ್ಕು ವರ್ಸ ಮೊಬೈಲ್ ತಿಕ್ಕಿದ್ಯಾ?” ಎಂದು ಸಣ್ಣಬೀರಯ್ಯ ರೇಗಿಸುತ್ತಿದ್ದ.

ಸೋಮಮ್ಮ ಮಾಡಿದ ಒಂದೇ ತಪ್ಪು, ಅದನ್ನು ತಮ್ಮನಿಗೆ ತೋರಿಸಿದ್ದು.

ತಮ್ಮ ಚೆಲುವರಾಜು ಹೊಗೆಸೊಪ್ಪು ಬೆಳೆಯುತ್ತಾನೆ. ಅಪ್ಪ ಚಿಕ್ಕಮಾದಯ್ಯನ ಕಾಲದ ಲೈಸೆನ್ಸು, ಅಪ್ಪ ಕಟ್ಟಿಸಿದ ಬ್ಯಾರನ್. ಸೊಪ್ಪು ಬೇಯಿಸುವ ಆ ಬ್ಯಾರನ್ನಿನೊಳಗೆ ಬಿಸಿ ಹಾಯುವ ಕಬ್ಬಿಣದ ಪೈಪುಗಳು ತುಕ್ಕು ಹಿಡಿದು ತೂತು ಬಿದ್ದಿದ್ದವು. ತೂತಿನಿಂದ ಒಂದು ಕಿಡಿ ಹಾರಿದರೆ ಸಾಕು, ಮೇಲೆ ಕಟ್ಟಿದ ಸೊಪ್ಪೆಲ್ಲ ಬೂದಿ. ಹೋದ ವರ್ಷ ತಗಡು ಸುತ್ತಿ ಹೇಗೋ ಬೇಯಿಸಿದ್ದ. ಈ ವರ್ಷ ಸೊಪ್ಪು ಮಾರಿದ ದುಡ್ಡಿನಲ್ಲಿ ಮೊದಲು ಪೈಪು, ಆಮೇಲೆ ಉಳಿದದ್ದು ಎಂದು ಅವನೂ ಅವನ ಹೆಂಡತಿ ಅನುಶ್ರೀಯೂ ಮಾತಾಡಿಕೊಂಡಿದ್ದರು. ಪೈಪು ಬರದಿದ್ದರೆ ಮುಂದಿನ ಸಲ ಬೆಳೆದ ಸೊಪ್ಪನ್ನು ಬೇಯಿಸುವುದಕ್ಕೇ ಜಾಗವಿಲ್ಲ.

ಅಕ್ಕನ ಮೊಬೈಲಿನಲ್ಲಿ ಎರಡು ದಿನ ನೋಡಿ ಚೆಲುವರಾಜು ಆಕಳಿಸಿದ. “ನಿನ್ ಯಾಪಾರ ನೋಡೋಕಿಂತ ಸಸಿ ಮಡೀಲಿ ಮೊಳಕೆ ಬರೋದ್ ನೋಡ್ಬೋದು ಕಣಕ್ಕ” ಎಂದ. ಅವಳೂ ನಕ್ಕು ಬಿಟ್ಟಳು. ಗುಂಡಿ ಒತ್ತುವುದು ಹೇಗೆಂದು ತೋರಿಸಿದ್ದಳು. ಯಾವಾಗ ಒತ್ತಬಾರದು ಎಂದು ಕೂರಿಸಿ ಹೇಳಿರಲಿಲ್ಲ. ಆ ನಗುವಿಗೆ ಈಗಲೂ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ ಅವಳಿಗೆ.

ಅಷ್ಟರಲ್ಲಿ ಶಿವಶಂಕರ್ ಬಂದ. ಮೊದಲು ಬೋರ್‌ವೆಲ್ ಮೋಟಾರ್ ಮಾರುತ್ತಿದ್ದವನು, ಆಮೇಲೆ ವಿಮೆ ಮಾಡಿಸುತ್ತಿದ್ದವನು. ಈಗ ಕೆ.ಆರ್. ನಗರ, ಹುಣಸೂರು, ಎಚ್.ಡಿ. ಕೋಟೆ ಎಂದು ಊರೂರಿಗೆ ಹೋಗಿ ಛತ್ರದ ಹಾಲ್ ಹಿಡಿದು ಟ್ರೇಡಿಂಗ್ ಕ್ಲಾಸ್ ಮಾಡುತ್ತಿದ್ದ. ಕಪ್ಪು ಕನ್ನಡಕ, ಬಾಡಿಗೆ ಕಾರು, ಮೊದಲ ಕ್ಲಾಸಿಗೆ ಬೋಂಡಾ ಕಾಫಿ ಬಿಟ್ಟಿ. ಸೊಪ್ಪಿನ ಹರಾಜು ಶುರುವಾಗಿ ರೈತರ ಖಾತೆಗೆ ದುಡ್ಡು ಬೀಳುವ ತಿಂಗಳಿಗೆ ಸರಿಯಾಗಿ ಅವನ ಕ್ಲಾಸು ಈ ಕಡೆ ಬರುತ್ತಿತ್ತು. ಇದನ್ನು ನೆನೆದರೆ ಸೋಮಮ್ಮನಿಗೆ ಹಲ್ಲು ಕಡಿಯುವ ಹಾಗಾಗುತ್ತದೆ. ಜಾತ್ರೆಗೆ ಬರುವ ಜೇಬುಗಳ್ಳನಾದರೂ ನಿಮ್ಮ ಒಳ್ಳೆಯದಕ್ಕೇ ಬಂದೆ ಎಂದು ಹೇಳುವುದಿಲ್ಲ.

ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಅನುಶ್ರೀ ಡೈರಿಗೆ ಬಂದಳು. ಕೈಯಲ್ಲಿ ಹಾಲಿನ ಕ್ಯಾನು ಇರಲಿಲ್ಲ.

“ಅಕ್ಕ, ಪೈಪಿನ ದುಡ್ಡಲ್ಲಿ ಅರವತ್ತು ಸಾವ್ರ ಮೊಬೈಲ್‌ಗೆ ಹಾಕವ್ರೆ. ಕೇಳಿದ್ರೆ ಅಕ್ಕನೂ ಅದೇ ಗುಂಪಲ್ಲಿ ಅವಳೆ ಅಂತಾರೆ. ನೀವಿದ್ದೀರಾ?”

“ಯಾವ ಗುಂಪು?”

“ಆ ಶಿವಶಂಕರಂದು. ಇವ್ರೇ ನಿಮ್ ವಿಚಾರ ಅವ್ನಿಗ್ ಹೇಳವ್ರೆ. ಡೈರಿ ಸೋಮಮ್ಮನೇ ನಮ್ ಹತ್ರ ಕಲ್ತಿದ್ದು ಅಂತ ಕ್ಲಾಸಲ್ಲಿ ಹೇಳದ್ನಂತೆ.”

ಸೋಮಮ್ಮ ಕೈಯಲ್ಲಿದ್ದ ಹಾಲಿನ ಅಳತೆಯನ್ನು ಕೆಳಗಿಟ್ಟಳು. ಅವಳು ಆ ಮನುಷ್ಯನ ಮುಖವನ್ನೂ ನೋಡಿರಲಿಲ್ಲ.

ಚೆಲುವರಾಜು ಬ್ಯಾರನ್ ಮುಂದೆ ಕೂತು ಸೊಪ್ಪು ವಿಂಗಡಿಸುತ್ತಿದ್ದ. ಅಕ್ಕ ಮೊಬೈಲ್ ಕಿತ್ತುಕೊಂಡು ನೋಡಿದಳು. ಅವಳು ಎಂದೂ ಕಂಡಿರದ ಆ್ಯಪ್. ಈ ದೇಶದಲ್ಲಿ ನೋಂದಣಿಯಾದ ಸುಳಿವೇ ಇರಲಿಲ್ಲ. ಕೊಂಡ ಬಿಟ್‌ಕಾಯಿನ್ ಅವನ ಹೆಸರಿನಲ್ಲಿ ಇರಲೂ ಇಲ್ಲ. ರೇಟು ಏರುತ್ತದೆ ಎಂದು ಇಪ್ಪತ್ತು ಪಟ್ಟು ಕಟ್ಟಿದ ಬಾಜಿ ಮಾತ್ರ ಇತ್ತು.

“ಇಪ್ಪತ್ತು ಪಟ್ಟು ಯಾರ್ಲಾ ಇಟ್ಟೋರು?”

“ಸರ್‌ನೋರೇ ಸೆಟ್ ಮಾಡ್ಕೊಟ್ರು. ಯಾಕೆ?”

“ಯಾಕಾ? ನೀನು ಹಾಕಿರೋದು ಅರವತ್ತು ಸಾವ್ರ. ಕಟ್ಟಿರೋದು ಹನ್ನೆರಡು ಲಕ್ಸದ ಯಾಪಾರ. ನೂರಕ್ಕೆ ಐದು ರೂಪಾಯ್ ಇಳುದ್ರೆ ನಿನ್ನ ಅರವತ್ತು ಸಾವ್ರ ಪೂರ್ತಿ ಹೋಯ್ತು. ಬಿಟ್‌ಕಾಯಿನ್ ಒಂದೊಂದ್ ದಿನ ಟೀ ಕುಡಿಯೋದ್ರೊಳಗೆ ಅಷ್ಟು ಇಳೀತದೆ. ಈಗ್ಲೇ ಮಾರಿ ಎದ್ ಬಾ. ಐದಾರು ಸಾವ್ರ ಹೋಗಿರ್ಬೋದು, ಹೋಗ್ಲಿ.”

ಚೆಲುವರಾಜು ಎಳೇ ಮಗುವಿಗೆ ಹೇಳುವ ಹಾಗೆ ನಗುತ್ತ ಹೇಳಿದ. “ಅಕ್ಕೋ, ನೀನು ಮಾರ್ಕೆಟ್‌ಗೆ ಹೋದೋಳಲ್ಲ, ನಿಂಗೇನ್ ಗೊತ್ತು? ರೇಟು ಇಳೀತು ಅಂತ ಯಾರಾದ್ರೂ ಬೇಲು ಬುಟ್ ಬತ್ತಾರಾ? ಒಪ್ಪಲ್ಲ ಅಂದ್ರೆ ಮುಗೀತು. ಗಾಡಿಗೆ ಹಾಕ್ಕೊಂಡು ಮನೆಗ್ ತತ್ತೀವಿ. ಅಪ್ಪಯ್ಯ ಮೂರು ಸಲ ವಾಪಸ್ ತಂದು ನಾಕ್ನೇ ಸಲಕ್ಕೆ ಎಂಥಾ ರೇಟಿಗೆ ಮಾರ್ದ, ಮರ್ತ್ಯಾ?”

ಅದು ಅವರ ಮನೆಯ ದೊಡ್ಡ ಕಥೆ. ಸೊಪ್ಪಿನ ಹರಾಜಿನಲ್ಲಿ ಕೂಗಿದ ಬೆಲೆ ಹಿಡಿಸದಿದ್ದರೆ ರೈತ ತನ್ನ ಬೇಲನ್ನು, ಅಂದರೆ ಗೋಣಿ ಸುತ್ತಿ ಹೊಲಿದ ಸೊಪ್ಪಿನ ಮೂಟೆಯನ್ನು, ವಾಪಸ್ ತರಬಹುದು. ಒಂದು ವರ್ಷ ಚಿಕ್ಕಮಾದಯ್ಯ ಹಾಗೆ ಹಟ ಹಿಡಿದು, ಕೊನೆಯ ವಾರದಲ್ಲಿ ಊರಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಬೆಲೆಗೆ ಮಾರಿ, ಆ ದುಡ್ಡಿನಲ್ಲೇ ಈ ಬ್ಯಾರನ್ನಿಗೆ ಹೆಂಚು ಹೊದಿಸಿದ್ದ. ಚೆಲುವರಾಜು ಆ ಹೆಂಚಿನ ಕೆಳಗೇ ಬೆಳೆದವನು. ಇಳಿದಾಗ ಬಿಡದೆ ಹಿಡಿದುಕೊಂಡವನೇ ಗಂಡಸು ಎಂದು ನಂಬಿದವನು.

“ಅಪ್ಪನ ಬೇಲು ಮನೇಲಿತ್ತು ಕಣ್ಲಾ. ಇಲಿ ಕಡೀದಂಗೆ ಕಾಯ್ಕೊಂಡು ಕೂತಿದ್ದ. ನಿನ್ನ ಬೇಲು ಎಲ್ಲದೆ? ತೋರ್ಸು. ಅಟ್ಟದ ಮೇಲದಾ?” ಸೋಮಮ್ಮನ ದನಿ ಏರಿತು. “ಇಲ್ಲಿ ಒಪ್ಪಲ್ಲ ಅನ್ನೋಕೆ ನಿಂಗೆ ಬಾಯೇ ಇಲ್ಲ. ರೇಟು ಅಲ್ಲಿಗ್ ಬಂದ ತಕ್ಷಣ ಅವ್ರೇ ನಿನ್ನ ಕೇಳ್ದೆ ಮಾರಾಕ್ತಾರೆ.”

“ಸರ್‌ನೋರು ಹಂಗೇನೂ ಹೇಳ್ಲಿಲ್ಲ.”

“ಅವನ್ಯಾಕ್ ಹೇಳ್ತಾನೆ!”

“ನಿಂಗೆ ಹೊಟ್ಟೆಕಿಚ್ಚು ಬುಡು. ನಾಕ್ ವರ್ಸಕ್ಕೆ ನೀನ್ ಕಂಡಿದ್ದು ನಾಕೇ ದಿನಕ್ಕೆ ನಾನ್ ಕಂಡ್ರೆ ನಿಂಗೆ ಉರೀತದೆ.”

ಸೋಮಮ್ಮ ಮೊಬೈಲನ್ನು ಸೊಪ್ಪಿನ ರಾಶಿಯ ಮೇಲೆ ಎಸೆದು ಬಂದುಬಿಟ್ಟಳು. ದಾರಿಯಲ್ಲಿ ಎರಡು ಸಲ ತಿರುಗಿ ನಿಂತಳು. ತಾನೇ ಗುಂಡಿ ಒತ್ತಿ ಮುಗಿಸಿ ಬರಬೇಕಿತ್ತು ಅನ್ನಿಸಿತು. ಆದರೆ ದುಡ್ಡು ಅವನದು. ಬೇರೆಯವರ ದುಡ್ಡಿನ ಮೇಲೆ ಕೈ ಹಾಕಬಾರದು ಎಂಬುದೂ ಅವಳ ಕಟ್ಟಳೆಯೇ ಆಗಿತ್ತು. ಆ ಕಟ್ಟಳೆಯ ಮೇಲೂ ಅವಳಿಗೆ ಅವತ್ತು ಸಿಟ್ಟು ಬಂತು.

ರೇಟು ಇಳಿಯುತ್ತಲೇ ಹೋಯಿತು. ಇಳಿದಾಗಲೆಲ್ಲ ಶಿವಶಂಕರನ ಗುಂಪಿನಲ್ಲಿ ಮೆಸೇಜು ಬರುತ್ತಿತ್ತು. ಹೆದರಬೇಡಿ, ಇನ್ನಷ್ಟು ಹಾಕಿ ಹಿಡಿದುಕೊಳ್ಳಿ, ಹೇಡಿಗಳು ಮಾತ್ರ ಓಡುತ್ತಾರೆ. ಕಟ್ಟಿದ ಬಾಜಿ ಮುಳುಗದಿರಲಿ ಎಂದು ಚೆಲುವರಾಜು ಇನ್ನೊಂದು ಅರವತ್ತು ಸಾವಿರ ಹಾಕಿದ. ಮತ್ತೆ ಅರವತ್ತು. ಅನುಶ್ರೀ ಬ್ಯಾಂಕಿನ ಪುಸ್ತಕ ಬಚ್ಚಿಟ್ಟಳು. ಮೊಬೈಲಿನಲ್ಲೇ ದುಡ್ಡು ಹೋಗುವಾಗ ಪುಸ್ತಕ ಬಚ್ಚಿಟ್ಟು ಏನು ಉಪಯೋಗ? ಕೊನೆಯ ಅರವತ್ತೂ ಹೋಗಿ ಎರಡು ಲಕ್ಷದ ನಲವತ್ತು ಸಾವಿರ ಒಳಗೆ ಸೇರಿತು. ಸೋಮಮ್ಮ ದಿನಾ ಹೋಗಿ ಬಯ್ದಳು. ಮೂರನೆಯ ದಿನದಿಂದ ಅವನು ಅಕ್ಕನನ್ನು ಕಂಡರೆ ಹಿತ್ತಲಿನ ಬಾಗಿಲಿನಿಂದ ಎದ್ದು ಹೋಗತೊಡಗಿದ.

ಅವಳ ಸ್ವಂತ ನಾಣ್ಯವೂ ಆ ವಾರ ಇಳಿಯಿತು. ಬರೆದಿಟ್ಟ ಬೆಲೆಗೆ ಬಂದ ದಿನ ಅವಳು ಅರ್ಧ ಮಾರಿದಳು, ಸಣ್ಣ ನಷ್ಟ ಬರೆದುಕೊಂಡು ಹಾಲು ಅಳೆಯಲು ಕೂತಳು. ಮಿಕ್ಕಿದ್ದು ವರ್ಷಗಟ್ಟಲೆ ಇಡಬೇಕೆಂದು ಮೊದಲೇ ಬೇರೆ ಮಾಡಿದ್ದು, ಅದನ್ನು ಮುಟ್ಟಲಿಲ್ಲ.

ಹತ್ತನೆಯ ದಿನ ಶುಕ್ರವಾರ. ಸಂಜೆ ಹಾಲು ಹಾಕುವ ಹೊತ್ತಿಗೆ ಚೆಲುವರಾಜು ತಾನೇ ಡೈರಿಗೆ ಬಂದ. ಸಾಲಿನಲ್ಲಿದ್ದ ಹೆಂಗಸರನ್ನು ಸರಿಸಿಕೊಂಡು ಬಂದು ಮೊಬೈಲ್ ಚಾಚಿದ.

“ಅಕ್ಕ, ಇದ್ರಲ್ಲಿ ಏನೂ ಕಾಣ್ತಿಲ್ಲ. ನೆಟ್‌ವರ್ಕ್ ಇಲ್ವಾ ನೋಡು.”

ನೆಟ್‌ವರ್ಕ್ ಇತ್ತು. ದುಡ್ಡು ಎಷ್ಟಿದೆ ಎಂದು ತೋರಿಸುವ ಜಾಗದಲ್ಲಿ ಸೊನ್ನೆ ಇತ್ತು.

“ಹೋಯ್ತು ಚೆಲುವ.”

“ಹೋಯ್ತು ಅಂದ್ರೆ? ಬಿಟ್‌ಕಾಯಿನ್ ಇನ್ನೂ ಅದೆಯಲ್ಲ, ರೇಟೂ ಅದೆಯಲ್ಲ! ನಂದು ನಂಗ್ ವಾಪಸ್ ಕೊಡ್ಲಿ. ಇಟ್ಕೊಂಡು ಕಾಯ್ತೀನಿ. ಒಂದು ವರ್ಸ ಆದ್ರೂ ಕಾಯ್ತೀನಿ. ನಾನು ಮಾರ್ಲೇ ಇಲ್ವಲ್ಲಕ್ಕ, ನಾನು ಒಪ್ಲೇ ಇಲ್ವಲ್ಲ!”

ಅವನಿಗೆ ಅದು ಇನ್ನೂ ಅರ್ಥವಾಗಿರಲಿಲ್ಲ. ಎಲ್ಲೋ ಒಂದು ಗೋದಾಮಿನಲ್ಲಿ ತನ್ನ ಹೆಸರಿನ ಮೂಟೆ ಇದೆ, ಯಾರೋ ಕೊಡುತ್ತಿಲ್ಲ ಎಂದೇ ಅವನು ನಂಬಿದ್ದ. ಒಂದು ಗಂಟೆ ಕಳೆಯುವುದರೊಳಗೆ ರೇಟು ಮತ್ತೆ ಏರತೊಡಗಿತು. ಅದನ್ನು ನೋಡಿ ಅವನು ಡೈರಿಯ ಜಗಲಿಯ ಮೇಲೆ ಕೂತು ತಲೆ ಚಚ್ಚಿಕೊಂಡ. ಸೋಮಮ್ಮನಿಗೆ ಅವನನ್ನು ಹೊಡೆಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಲಿಲ್ಲ. ಸಾಲಿನಲ್ಲಿ ಉಳಿದವರ ಹಾಲು ತೆಗೆದುಕೊಂಡು ಮುಗಿಸಿದಳು.

ಭಾನುವಾರ ಹುಣಸೂರಿನ ಛತ್ರದಲ್ಲಿ ಶಿವಶಂಕರನ ಕ್ಲಾಸು. ಸೋಮಮ್ಮ ಹಮೀದುನ್ನೀಸಾಳನ್ನು ಜೊತೆಗೆ ಕರೆದುಕೊಂಡು ಹೋದಳು. ನಲವತ್ತು ಕುರ್ಚಿ ತುಂಬಿತ್ತು. ಹೆಚ್ಚಿನವರು ಸೊಪ್ಪಿನವರು, ಚುಂಚನಕಟ್ಟೆ ಕಡೆಯ ಭತ್ತದವರೂ ಇದ್ದರು. ಶಿವಶಂಕರ್ ಗೋಡೆಯ ಮೇಲೆ ಏರುವ ಗೆರೆ ತೋರಿಸುತ್ತಿದ್ದ. ಸೋಮಮ್ಮ ಎದ್ದು ನಿಂತಳು. ಜನರ ಮುಂದೆ ಅವಳು ಎಂದೂ ಮಾತಾಡಿದವಳಲ್ಲ.

“ನಾನೊಂದು ಕೇಳ್ಬೇಕು.”

“ಕೇಳಿ ಮೇಡಂ, ಕೇಳಿ. ಹೆಣ್ಮಕ್ಳು ಧೈರ್ಯ ಮಾಡ್ಬೇಕು! ತಮ್ ಹೆಸ್ರು?”

“ಡೈರಿ ಸೋಮಮ್ಮ. ನಿಮ್ ಹತ್ರ ಕಲ್ತೋಳಂತೆ ನಾನು. ಗುರ್ತು ಸಿಗ್ಲಿಲ್ವಾ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಶಿವಶಂಕರ್ ಕನ್ನಡಕ ಸರಿ ಮಾಡಿಕೊಂಡ. “ನೂರಾರು ಜನ ಬತ್ತಾರೆ ಮೇಡಂ...”

“ಇರ್ಲಿ. ನನ್ ತಮ್ಮ ಚೆಲುವರಾಜಂದು ಎರಡು ಲಕ್ಸದ ನಲವತ್ತು ಸಾವ್ರ ಮೊನ್ನೆ ಸೊನ್ನೆ ಆಯ್ತು. ಅವ್ನ್ ಮೊಬೈಲ್ ಇಸ್ಕೊಂಡು ಇಪ್ಪತ್ತು ಪಟ್ಟು ಇಟ್ಟೋರು ನೀವು. ಅದ್ರಲ್ಲಿ ನಿಮಗೆಷ್ಟು ಬಂತು?”

“ಮಾರ್ಕೆಟ್ ರಿಸ್ಕ್ ಅಂತ ಇರುತ್ತೆ ಮೇಡಂ, ಅದೆಲ್ಲ ನಿಮಗೆ...”

“ರಿಸ್ಕ್ ಗೊತ್ತು. ನಾನ್ ಕೇಳಿದ್ದು ಕಮಿಷನ್ನು. ನಿಮ್ ಲಿಂಕಿಂದ ಸೇರಿದೋರು ಒಂದೊಂದ್ ಸಲ ಗುಂಡಿ ಒತ್ತಿದ್ರೂ ಆ ಆ್ಯಪ್‌ನೋರು ನಿಮಗೆ ದುಡ್ಡು ಕೊಡ್ತಾರೆ. ಆ್ಯಪಲ್ಲೇ ಬರ್ದದೆ, ನಾನ್ ಓದ್ಕೊಂಡು ಬಂದಿದ್ದೀನಿ. ಅರವತ್ತು ಸಾವ್ರಕ್ಕೆ ಒತ್ತಿದ್ರೆ ಒಂದ್ ರೂಪಾಯ್ ಅಂತ ಇಟ್ಕೊಳ್ಳಿ, ಹನ್ನೆರಡು ಲಕ್ಸಕ್ಕೆ ಒತ್ತಿದ್ರೆ ಅದ್ರ ಇಪ್ಪತ್ತರಷ್ಟು. ಅದಕ್ಕೇ ತಾನೆ ಇಪ್ಪತ್ತು ಪಟ್ಟು ಇಟ್ಟಿದ್ದು? ಅವ್ನು ಗೆದ್ರೂ ನಿಮಗ್ ಬತ್ತದೆ, ಸತ್ರೂ ನಿಮಗ್ ಬತ್ತದೆ.”

ಶಿವಶಂಕರನ ದನಿಯಲ್ಲಿದ್ದ ಮೇಡಂ ಹಾರಿಹೋಯಿತು.

“ಏನಮ್ಮ, ಹಾಲು ಅಳೆಯೋಳು ನಂಗ್ ಬಂದು ಟ್ರೇಡಿಂಗ್ ಹೇಳ್ಕೊಡ್ತೀಯಾ?”

“ಹೌದು ಸ್ವಾಮಿ, ಹಾಲು ಅಳೆಯೋಳೇ. ನೀರು ಎಷ್ಟದೆ ಅಂತ ನಂಗ್ ಗೊತ್ತಾಗ್ತದೆ” ಎಂದಳು ಸೋಮಮ್ಮ. “ಎಲ್ಲಾ ಬುಡಿ. ನಿಮ್ ಸ್ವಂತ ದುಡ್ಡಲ್ಲಿ ನೀವು ಮಾಡಿರೋ ಯಾಪಾರ ಒಂದೇ ಒಂದು ತೋರ್ಸಿ. ಗೋಡೆ ಮೇಲೆ ಬೇಡ, ಮೊಬೈಲಲ್ಲಿ ತೆಗ್ದು ಇವ್ರೆಲ್ಲಾರ್ಗೂ ತೋರ್ಸಿ.”

“ತೋರ್ಸ್‌ರೀ!” ಎಂದಳು ಹಮೀದುನ್ನೀಸಾ. “ನಾವು ಬೋಂಡಾ ತಿಂದ್ಕೊಂಡು ಕಾಯ್ತೀವಿ.”

ಅವನು ತೋರಿಸಲಿಲ್ಲ. ಮೈಕ್ ಕೆಟ್ಟಿದೆ ಎಂದ, ಹತ್ತು ನಿಮಿಷ ವಿರಾಮ ಎಂದ. ಹನ್ನೊಂದು ಜನ ಎದ್ದು ಹೊರಟರು. ಇಪ್ಪತ್ತೊಂಬತ್ತು ಜನ ಕೂತೇ ಇದ್ದರು. ಬಾಗಿಲ ಹತ್ತಿರ ಕೂತಿದ್ದ ಒಬ್ಬ ನಡುವಯಸ್ಸಿನವನು ಸೋಮಮ್ಮನ ಮುಖ ನೋಡದೆ, “ಎಲ್ರಿಗೂ ಹೋಗಲ್ಲ ಬುಡಿ, ಅವ್ರವ್ರ ಹಣೇಬರ” ಎಂದ. ಶಿವಶಂಕರನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅವಳಿಗೆ ಆ ಮಾತಿನ ಮೇಲೆ ಬಂತು. ಇಪ್ಪತ್ತು ಪಟ್ಟು ಎಂದು ಹಣೆಯಲ್ಲಿ ಯಾರೂ ಬರೆದು ಕಳಿಸುವುದಿಲ್ಲ. ಒಬ್ಬ ಮನುಷ್ಯ ಬೆರಳಿಟ್ಟು ಒತ್ತುತ್ತಾನೆ. ಅವನಿಗೆ ಹೆಸರಿದೆ, ಊರಿದೆ, ಫೋನ್ ನಂಬರ್ ಇದೆ.

ಸಂಜೆ ತಮ್ಮನ ಮನೆಗೆ ಹೋದಳು. ಚೆಲುವರಾಜು ಎರಡು ದಿನದಿಂದ ಗಡ್ಡ ಕೆರೆದಿರಲಿಲ್ಲ. ಅಕ್ಕನನ್ನು ನೋಡಿ ಹತ್ತಿರ ಬಂದು ಮೆಲ್ಲಗೆ ಕೇಳಿದ.

“ನಿಂದು ಒಂದು ಲಕ್ಸ ಅದೆಯಲ್ಲಕ್ಕ, ಅದ್ ಕೊಡು. ಒಂದೇ ಸಲ, ಒಂದೇ ಒಂದ್ ಸಲ. ಹೋಗಿದ್ ತಕ್ಕೊಂಡ್ ಬತ್ತೀನಿ.”

ಸೋಮಮ್ಮ ಅಷ್ಟು ದಿನ ಬಯ್ದಿದ್ದೆಲ್ಲ ಇದರ ಮುಂದೆ ಏನೂ ಅಲ್ಲ. ಅವಳು ಬಯ್ದದ್ದನ್ನು ಬರೆಯಲು ನನಗೆ ನಾಚಿಕೆ. ಅಪ್ಪನ ಹೆಸರು ಬಂತು, ಅವನ ತಲೆಯೊಳಗಿರುವ ಗೊಬ್ಬರ ಬಂತು, ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದರು. ಅನುಶ್ರೀ ಒಲೆಯ ಮುಂದಿನಿಂದ ಏಳಲಿಲ್ಲ. “ಇನ್ನೂ ಬಯ್ರಿ ಅಕ್ಕ” ಎಂದಳು ಅಷ್ಟೆ. ಅವಳು ಗಂಡನ ಜೊತೆ ಮಾತು ಬಿಟ್ಟು ಎರಡು ದಿನವಾಗಿತ್ತು.

ಬಯ್ದು ಬಯ್ದು ದನಿ ಒಡೆದ ಮೇಲೆ ಸೋಮಮ್ಮ ಬ್ಯಾರನ್ನಿನೊಳಗೆ ಹೋಗಿ ಪೈಪುಗಳನ್ನು ಒಂದೊಂದಾಗಿ ತಟ್ಟಿ ನೋಡಿದಳು. ತೀರಾ ಕೆಟ್ಟವು ಅರ್ಧಕ್ಕಿಂತ ಜಾಸ್ತಿ. ಮಾರನೆಯ ಬೆಳಿಗ್ಗೆ, ವರ್ಷಗಟ್ಟಲೆ ಮುಟ್ಟಬಾರದೆಂದು ಇಟ್ಟಿದ್ದ ಪಾಲನ್ನು, ಮಾರಲೇಬಾರದ ಬೆಲೆಗೆ ಮಾರಿದಳು. ಅವಳ ಕಟ್ಟಳೆ ಅವಳೇ ಮುರಿದದ್ದು ಅದೊಂದೇ ಸಲ. ಮಾರುವಾಗ ಅವಳಿಗೆ ದೊಡ್ಡ ಮನಸ್ಸು, ತ್ಯಾಗ ಎಂಥದೂ ಇರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ದುಡ್ಡು ಬಂದ ಮೇಲೆ ತಮ್ಮನ ಕೈಗೆ ಕೊಡಲಿಲ್ಲ. ಹುಣಸೂರಿನಲ್ಲಿ ಪೈಪು ಮಾಡುವವನಿಗೆ ನೇರವಾಗಿ ಕೊಟ್ಟು ರಸೀದಿ ಬರೆಸಿಕೊಂಡು ಅನುಶ್ರೀಗೆ ಕೊಟ್ಟಳು. ಅರ್ಧ ಬ್ಯಾರನ್ನಿಗೆ ಆಗುವಷ್ಟು ಪೈಪು ಬರುತ್ತದೆ. ಮಿಕ್ಕ ಅರ್ಧಕ್ಕೆ ಏನು ಮಾಡುವುದೋ ಯಾರಿಗೂ ಗೊತ್ತಿಲ್ಲ.

ಶಿವಶಂಕರನ ಗುಂಪಿನಿಂದ ಚೆಲುವರಾಜುವನ್ನು ಕ್ಲಾಸಿನ ದಿನವೇ ತೆಗೆದುಹಾಕಿದ್ದರು. ಆದರೆ ಅದಕ್ಕೂ ಮೊದಲೇ ಅನುಶ್ರೀ ಅಲ್ಲಿನ ಮೆಸೇಜುಗಳ ಫೋಟೋ ತೆಗೆದಿಟ್ಟಿದ್ದಳು. ಇನ್ನಷ್ಟು ಹಾಕಿ ಎಂದದ್ದು, ನಷ್ಟ ಆಗುವುದೇ ಇಲ್ಲ ಎಂದದ್ದು, ಡೈರಿ ಸೋಮಮ್ಮ ನಮ್ಮ ಶಿಷ್ಯೆ ಎಂದದ್ದು, ಎಲ್ಲವೂ ಇದೆ. ದುಡ್ಡು ವಾಪಸ್ ಬರುತ್ತದೆ ಎಂದು ಸೋಮಮ್ಮ ನಂಬಿಲ್ಲ. ಎಚ್.ಡಿ. ಕೋಟೆಯಲ್ಲಿ ಮುಂದಿನ ಕ್ಲಾಸಿಗೆ ಅವನು ಆಗಲೇ ಛತ್ರ ಹಿಡಿದಿದ್ದಾನೆ ಎಂದು ಸಣ್ಣಬೀರಯ್ಯ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಕೊಂಡು ಬಂದ.

ಬರುವ ಬುಧವಾರ ಬೆಳಿಗ್ಗೆ ಹಾಲಿನ ಗಾಡಿ ಹೋದ ಮೇಲೆ ಅವಳು ತಮ್ಮನನ್ನೂ ಅನುಶ್ರೀಯನ್ನೂ ಕರೆದುಕೊಂಡು ಮೈಸೂರಿನ ಸೈಬರ್ ಠಾಣೆಗೆ ಹೋಗಿ, ಶಿವಶಂಕರನ ಹೆಸರು ಬರೆಸಿ ದೂರು ಕೊಡುತ್ತಾಳೆ.